ಬಾಯಿ ತೆರೆದ ಟೊಪ್ಪಿಗೆ

ಬೆಟಗೇರಿ
೨೧ ನವೆಂಬರ್ ೧೯೭೯, ಬುಧವಾರ

ಚಿ. ಸೌ. ಗದಿಗೆವ್ವಳಿಗೆ, ಬೆಟಗೇರಿಯಲ್ಲಿ ಮಗ್ಗ ಬಿಟ್ಟು ಬೇರೆ ಜೊತೆ ಇಲ್ಲದ ನಿನ್ನ ಗಂಡನ ಆಶೀರ್ವಾದಗಳು.

ಮೊದಲು ನಿನ್ನ ಆರೋಗ್ಯ. ಕಾಲಿನ ಬಾವು ಇಳಿಯಿತೇ? ಊಟ ಸೇರುತ್ತದೆಯೇ? ಹಿರೇವಡ್ಡಟ್ಟಿಯ ಹಾಲು ತುಪ್ಪವನ್ನೆಲ್ಲ ಅತ್ತೆಯವರು ನಿನ್ನ ತಾಟಿಗೇ ಸುರಿಯುತ್ತಿದ್ದಾರೆಂದು ನಂಬಿದ್ದೇನೆ. ಅದರಲ್ಲಿ ಒಂದು ತುತ್ತನ್ನೂ ಬೆಕ್ಕಿಗೆ ಹಾಕಬೇಡ, ನಿನ್ನ ಬುದ್ಧಿ ನನಗೆ ಗೊತ್ತು. ಇಲ್ಲಿ ನಾನು, ಅವ್ವ, ಮಗ್ಗ ಮೂವರೂ ಕ್ಷೇಮ. ಮೂವರಲ್ಲಿ ಅವ್ವನ ಸದ್ದು ಸ್ವಲ್ಪ ಹೆಚ್ಚು.

ಈಗ ಒಂದು ಗಂಭೀರ ಸುದ್ದಿ. ಗೋಡೆಗೆ ಒರಗಿ ಕುಳಿತು ಓದು. ನಿನ್ನ ಗಂಡ ಹೆಣಿಗೆ ಕಲಿತಿದ್ದಾನೆ. ಎರಡು ಕಡ್ಡಿ ಹಿಡಿದು, ಓಣಿಯ ಜನರೆಲ್ಲ ನೋಡುವಂತೆ ಕಟ್ಟೆಯ ಮೇಲೆ ಕುಳಿತು, ಕೂಸಿಗೆ ಉಣ್ಣೆಯ ಟೊಪ್ಪಿಗೆ ಹೆಣೆದಿದ್ದಾನೆ. ನಿನ್ನ ಹುಬ್ಬು ಮೇಲೇರಿದ್ದು ಇಲ್ಲಿಗೇ ಕಾಣುತ್ತಿದೆ. ತವರಿಗೆ ಬಸ್ಸು ಹತ್ತುವಾಗ ನೀನು "ಈ ಸಲ ಹುಟ್ಟೂತನಕಾ ಒಂದು ಚಿಂದಿ ಸುದ್ದಾ ಹೊಲಿಸಬ್ಯಾಡ್ರಿ" ಅಂದದ್ದನ್ನು ನಾನು ಮರೆತಿಲ್ಲ. ಹೋದ ಸಲ ನೀನು ಮೊದಲೇ ಹೊಲಿದಿಟ್ಟ ಪುಟ್ಟ ಅಂಗಿಗಳು ಟ್ರಂಕಿನ ತಳದಲ್ಲಿ ಹಾಗೇ ಇವೆ, ಅದನ್ನೂ ಮರೆತಿಲ್ಲ. ಆದರೂ ಹೆಣೆದೆ. ಕಾರಣ ಆಮೇಲೆ ಹೇಳುತ್ತೇನೆ. ಮೊದಲು ನಾನು ಪಟ್ಟ ಅಪಮಾನಗಳ ವರದಿ.

ಗುರುಗಳು ಪಕ್ಕದ ಮನೆಯ ಹಸೀನಾಬಿ. ಓಣಿಯಲ್ಲಿ ಯಾರ ಮೈಮೇಲೆ ಸ್ವೆಟರ್ ಇದ್ದರೂ ಅದು ಆಕೆಯ ಕೈಯದೇ. ಮದುವೆಯಲ್ಲಿ ಮಾವನವರು ಕೊಟ್ಟಿದ್ದ ನನ್ನ ಕಂದು ಸ್ವೆಟರ್ ಮೊಣಕೈಯಲ್ಲಿ ಹರಿದಿತ್ತಲ್ಲ, ಅದನ್ನೇ ಬಿಚ್ಚಿದೆ. ಅರ್ಧ ನೂಲು ಇಲಿಯ ಪಾಲಾಗಿತ್ತು. ಕಡಿಮೆ ಬಿದ್ದದ್ದಕ್ಕೆ ಹಸೀನಾಬಿ ತನ್ನಲ್ಲಿ ಉಳಿದಿದ್ದ ಹಳದಿ ಕೊಟ್ಟಳು. ಹೀಗಾಗಿ ಟೊಪ್ಪಿಗೆಗೆ ಪಟ್ಟೆಗಳು ಬಂದವು. ಯಾರಾದರೂ ಕೇಳಿದರೆ ಚೆಂದ ಕಾಣಲೆಂದೇ ಪಟ್ಟೆ ಹಾಕಿದ್ದು ಎಂದು ಹೇಳುತ್ತಿದ್ದೇನೆ. ನೀನೂ ಹಾಗೇ ಹೇಳಬೇಕು.

ನೇಕಾರನ ಕೈಗೆ ನೆಟ್ಟಗೆ ಹೋಗುವುದು ಗೊತ್ತು, ಸಣ್ಣದು ಮಾಡುತ್ತ ಹೋಗುವುದು ಗೊತ್ತಿಲ್ಲ. ಯಾವ ಸೀರೆಯೂ ಮೇಲೇರುತ್ತ ಕಿರಿದಾಗುವುದಿಲ್ಲವಷ್ಟೇ. ಎರಡೂ ಬದಿಗೆ ಹಳದಿ ದಡಿ ಬಿಟ್ಟು, ಕಂದು ಮೈ ತುಂಬಿ, ಕೊನೆಗೆ ಒಂದು ಭರ್ಜರಿ ಸೆರಗನ್ನೂ ಹೆಣೆದು ಗುರುಗಳ ಮುಂದೆ ಹಿಡಿದೆ. ಆಕೆ ಬಹಳ ಹೊತ್ತು ನೋಡಿದಳು. "ದೇವಣ್ಣಾ, ಟೊಪಗಿಗೆ ಸೆರಗು ಯಾಕಪಾ? ಕೂಸು ತಲಿ ಮ್ಯಾಲೆ ಹೊತಗೊಂಡು ಸಂತಿಗೆ ಹೊಂಟೈತೇನು?" ಎಂದಳು. ಎಲ್ಲವನ್ನೂ ಬಿಚ್ಚಿದೆ. ಮತ್ತೆ ಹೆಣೆದೆ. ಮನೆಯಲ್ಲಿ ಕೂಸಿನ ತಲೆ ಇಲ್ಲದ್ದರಿಂದ ನೀರಿನ ತಂಬಿಗೆಗೆ ಹಾಕಿ ಅಳತೆ ನೋಡಿದೆ. ತಂಬಿಗೆಗೆ ಕಿವಿ ಇರುವುದಿಲ್ಲ ಎಂಬುದು ತಡವಾಗಿ ಹೊಳೆಯಿತು. ಮತ್ತೆ ಬಿಚ್ಚಿದೆ. ಜೀಪು ಹೊಡೆಯುವ ಮರ್ದಾನಸಾಬ ಚಹಾದಂಗಡಿಯಲ್ಲಿ ಹತ್ತು ಜನರ ನಡುವೆ ನನ್ನ ಕಿಸೆಯಿಂದ ಕಡ್ಡಿ ಎಳೆದು, "ಏನಲೇ ದೇವ್ಯಾ, ಹೆರಿಗಿ ಯಾರದಲೇ, ವೈನಿದೋ ನಿಂದೋ?" ಎಂದ. ನಾನು ಚಹಾ ಮುಗಿಸಿ, ಅವನೆದುರೇ ಕುಳಿತು ಇನ್ನೊಂದು ಸಾಲು ಹೆಣೆದೆ. ನಗುವುದು ಅವನ ಕೆಲಸ, ಹೆಣೆಯುವುದು ನನ್ನದು.

ಅವ್ವನದು ಬೇರೆಯೇ ಕಥೆ. ಕಡ್ಡಿ ಕಂಡರೆ ಮುಖ ತಿರುಗಿಸುತ್ತಿದ್ದಳು. "ಹುಟ್ಟೂಕಿಂತ ಮೊದಲ ಟೊಪಗಿ ಮಾಡಿ ಮುಗಿಸಬಾರದು" ಎಂಬುದು ಅವಳ ಕಾಯಿದೆ. ಅದಕ್ಕೆ ನಾನು ದೊಡ್ಡ ವಕೀಲನಂತೆ ವಾದ ಹೂಡಿದೆ. ನೆತ್ತಿಯನ್ನು ಮುಚ್ಚಿಲ್ಲ, ಕೊನೆಯ ಕುಣಿಕೆಗಳಲ್ಲಿ ಒಂದು ಎಳೆ ಪೋಣಿಸಿ ಸಡಿಲ ಬಿಟ್ಟಿದ್ದೇನೆ. ಎಳೆದರೆ ಟೊಪ್ಪಿಗೆ, ಎಳೆಯದಿದ್ದರೆ ತಳವಿಲ್ಲದ ಚೀಲ. ಮುಗಿಯದೇ ಇದ್ದದ್ದು ಮುಗಿಸಿದಂತೆ ಹೇಗಾದೀತು? ಅವ್ವ ಅದನ್ನು ತಿರುವಿ ಮುರುವಿ ನೋಡಿ, ಒಳಗೆ ಮುಷ್ಟಿ ತೂರಿಸಿದಳು. ಮುಷ್ಟಿ ಆಚೆ ಬಂತು. "ಆತು ಬಿಡು, ಇದು ಟೊಪಗಿ ಅಲ್ಲ. ಆದ್ರ ಆ ಎಳಿ ಮುಟ್ಟಿದಿ ಅಂದ್ರ ನಿನ್ನ ಕೈ ಮುರೀತೇನಿ" ಎಂದು ತೀರ್ಪು ಕೊಟ್ಟಳು. ಈಗ ಅದನ್ನು ಇಲಿಗೆ ಸಿಗದಂತೆ ತನ್ನ ದಿಂಬಿನ ಕೆಳಗೇ ಇಟ್ಟುಕೊಂಡು ಮಲಗುತ್ತಾಳೆ.

ಇನ್ನು ಕಾರಣ. ನೀನು ಅಂಗಿ ಹೊಲಿದದ್ದಕ್ಕೆ ಹೋದ ಸಲ ಹಾಗಾಯಿತೆಂದು ನಿನ್ನ ಮನಸ್ಸಿನಲ್ಲಿ ಕುಳಿತಿದೆ. ಅದಕ್ಕಲ್ಲ ಗದಿಗೆವ್ವಾ. ಮಳೆಯಲ್ಲಿ ಬಂಡಿಯ ಗಾಲಿ ಎರಿಮಣ್ಣಿನಲ್ಲಿ ಹೂತು, ಮುಂಡರಗಿಯ ದವಾಖಾನೆ ಮುಟ್ಟುವುದು ತಡವಾಗಿ ಕೂಸು ಉಳಿಯಲಿಲ್ಲ. ಸೂಜಿದಾರದ ತಪ್ಪೇನೂ ಇಲ್ಲ, ನಿನ್ನ ತಪ್ಪಂತೂ ಮೊದಲೇ ಇಲ್ಲ. ಹೆದರಿಕೊಂಡು ಇಬ್ಬರೂ ಕೈಕಟ್ಟಿ ಕುಳಿತರೆ ಕೂಸಿನ ತಲೆಗೆ ಬೆಚ್ಚಗಾಗುವುದಿಲ್ಲ. ಅದಕ್ಕೇ ಹೆಣೆದೆ.

ಮಾವನವರಿಗೆ, ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸು. ಬೆಕ್ಕಿಗೂ ತಿಳಿಸು, ಅದರ ತುಪ್ಪದ ದಿನಗಳು ಮುಗಿದವೆಂದು.

ನಿನ್ನ,
ದೇವೇಂದ್ರಪ್ಪ

ತಾ.ಕ.: ಟಪಾಲಿನವನು ಬಾಗಿಲಲ್ಲೇ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಸೋಮವಾರ ಮುಂಜಾನೆ ಮರ್ದಾನಸಾಬನ ಜೀಪಿನಲ್ಲಿ ಬರುತ್ತಿದ್ದೇನೆ. ಹೆರಿಗೆ ಇಲ್ಲೇ ಪಕ್ಕದ ಗದಗದ ದವಾಖಾನೆಯಲ್ಲೇ ಆಗಬೇಕು. ತವರಿನ ಹಕ್ಕು ಎಂದು ಮಾವನವರು ಸಿಟ್ಟಾದರೆ ಆಗಲಿ, ಅವರ ಕಾಲು ಹಿಡಿಯುತ್ತೇನೆ, ಆದರೆ ನಿನ್ನನ್ನು ಬಿಟ್ಟು ತಿರುಗಿ ಬರುವುದಿಲ್ಲ. ಅತ್ತೆಯವರೂ ಬರಲಿ, ಬಾಣಂತನ ಅವರದೇ ಕೈಯಲ್ಲಿ ಇಲ್ಲಿಯೇ ಆಗಲಿ. ನೀನು ಬಟ್ಟೆ ಕಟ್ಟಿಕೊಂಡಿರು. ಟೊಪ್ಪಿಗೆಯ ಆ ಎಳೆಯನ್ನು ನಾನು ಎಳೆಯುವುದಿಲ್ಲ, ಅವ್ವನೂ ಎಳೆಯುವುದಿಲ್ಲ. ಕೂಸು ಹುಟ್ಟಿ ಅತ್ತ ಮೇಲೆ ನೀನೇ ಎಳೆದು ಗಂಟು ಹಾಕಬೇಕು.