ವಾಗ್ದಾನದ ಚೀಟಿ

ಮಾರ್ಚ್ 4, 2024. ಸೋಮವಾರ, ಬೆಳಿಗ್ಗೆ 6.20

ಮಾತ್ರೆ ಮೂರೂ ತಟ್ಟೆ ಪಕ್ಕ ಇಟ್ಟೆ. ನೀರು ಇಟ್ಟೆ. ಮೊಟ್ಟೆ ಬೇಯಿಸಿಟ್ಟೆ. ಗಂಡ ಮಹಾರಾಯ ಮುತ್ತುರಾಜು ಇನ್ನೂ ಮೊಣಕಾಲೂರಿಕೊಂಡು ಪ್ರಾರ್ಥನೆಯಲ್ಲೇ ಇದ್ದಾನೆ. ಕಾಯೋಕೆ ಟೈಮ್ ಇಲ್ಲ. ಏಳರ ಬಸ್ ತಪ್ಪಿದರೆ ಕೊರಟಗೆರೆ ಲ್ಯಾಬ್ ಬಾಗಿಲು ತೆಗೆಯೋರಿಲ್ಲ, ಓನರ್ ಬಾಯಿ ತೆಗೀತಾರೆ.

ಟಿ.ಬಿ. ಮಾತ್ರೆ ಶುರುವಾಗಿ ಮೂರು ತಿಂಗಳಾಗುತ್ತ ಬಂತು. ಇನ್ನು ಮೂರು ತಿಂಗಳು. ಮೈ ತುಂಬಿಕೊಂಡಿದ್ದಾನೆ. ಮೋಟಾರ್ ವೈಂಡಿಂಗ್ ಅಂಗಡಿ ಮತ್ತೆ ತೆಗೆದಿದ್ದಾನೆ. ಹತ್ತು ದಿನದ ಹಿಂದೆ ಉಪವಾಸ ಪ್ರಾರ್ಥನೆಯಲ್ಲಿ ಎದ್ದು ನಿಂತು ಸಾಕ್ಷಿ ಹೇಳಿದ: ಕರ್ತನು ನನ್ನನ್ನು ಬಿಡಿಸಿದ, ನನಗೆ ಪೂರ್ತಿ ವಾಸಿಯಾಗಿದೆ. ಚಪ್ಪಾಳೆಯೋ ಚಪ್ಪಾಳೆ. ಈಗ ಮಧುಗಿರಿಗೆ ಕರೀತಾರೆ, ಶಿರಾಕ್ಕೆ ಕರೀತಾರೆ. ಶನಿವಾರ ಪಾವಗಡವಂತೆ. ಹೋಗಲಿ, ಮಾತ್ರೆ ಚೀಲದಲ್ಲಿ ಹಾಕಿ ಕಳಿಸಿದರಾಯಿತು.

ಮಾರ್ಚ್ 9, ಶನಿವಾರ, ಸಂಜೆ 7

ಪೆನ್ನು ಕಾಗದ ಹರೀತಿದೆ. ಸಿಟ್ಟಿಗೆ.

ಈ ಮಾತ್ರೆ ತಿಂದರೆ ಉಚ್ಚೆ ಕೇಸರಿ ಬಣ್ಣಕ್ಕೆ ತಿರುಗುತ್ತೆ. ಡಿಸೆಂಬರಿನಿಂದ ನಮ್ಮ ಬಚ್ಚಲ ಬಿಳಿ ಕಲ್ಲಿನ ಮೇಲೆ ಆ ಕಲೆ ಇತ್ತು, ಉಜ್ಜಿ ಉಜ್ಜಿ ಸಾಕಾಗಿತ್ತು. ಇವತ್ತು ತೊಳೆಯೋಕೆ ಹೋದರೆ ಕಲ್ಲು ಬೆಳ್ಳಗಿದೆ. ಯಾವಾಗಿನಿಂದ? ಬೆಳಿಗ್ಗೆಯಿಂದ ಸಂಜೆತನಕ ಊರವರ ಉಚ್ಚೆ, ಕಫ ನೋಡೋದೇ ನನ್ನ ಕೆಲಸ. ಮನೆಯದು ನೋಡಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಅಂದರೆ ನಾನೇ.

ಅಂಗಡಿಗೆ ಹೋದೆ. ತಾಮ್ರದ ತಂತಿ ಇಡೋ ಡಬ್ಬಿಯಲ್ಲಿ ಮಾತ್ರೆ. ಎರಡು ವಾರದ್ದು. ಒಂದೂ ಎಸೆದಿಲ್ಲ, ಎಲ್ಲಾ ಜೋಪಾನವಾಗಿ ಕೂಡಿಟ್ಟಿದ್ದಾನೆ.

ಪಾವಗಡದಿಂದ ಬಂದ. ಅಲ್ಲಿ ಯಾರೋ ಅವನ ಮಾತನ್ನ ತೆಲುಗಿಗೆ ತಿರುಗಿಸಿ ಹೇಳಿದರಂತೆ, ಹೆಂಗಸರೆಲ್ಲಾ ಅತ್ತರಂತೆ. ಡಬ್ಬಿ ಮುಂದೆ ಇಟ್ಟೆ. ಮುಖ ಸಣ್ಣಗಾಯಿತು.

"ಇನ್ನೆಂಗೆ ತಿನ್ಲಿ ಲತಾ? ವಾಸಿಯಾಯ್ತು ಅಂತ ಎಲ್ರ ಮುಂದೆ ಹೇಳ್ಬುಟ್ಟಿವ್ನಿ. ಹೇಳ್ಬುಟ್ಟು ಮನೇಲಿ ಬಂದು ಮಾತ್ರೆ ನುಂಗಿದ್ರೆ ಸುಳ್ಳು ಸಾಕ್ಷಿ ಆಗಾಕಿಲ್ವಾ?"

"ಆರು ತಿಂಗ್ಳು ತಿನ್ಬೇಕು ಕಣೋ. ಅರ್ಧಕ್ಕೆ ಬುಟ್ರೆ ಇನ್ನೂ ಗಟ್ಟಿಯಾಗಿ ಬತ್ತದೆ. ಆಮೇಲೆ ಈ ಮಾತ್ರೆಗೂ ಬಗ್ಗಾಕಿಲ್ಲ. ಸತ್ತೋಯ್ತೀಯ."

"ವಚನ ಕೊಟ್ಟವ್ನು ಸಾಯಾಕೆ ಬುಡ್ತಾನಾ?"

ಗೋಡೆ ಕಡೆ ಕೈ ತೋರಿಸಿದ. ಅಲ್ಲಿ ಅವನ ವಾಗ್ದಾನದ ಚೀಟಿ, ಹೊಸ ವರ್ಷದ ಆರಾಧನೆಯಲ್ಲಿ ಎತ್ತಿದ ಬೈಬಲ್ ವಚನ. ಲ್ಯಾಮಿನೇಷನ್ ಮಾಡಿಸಿ ಮೊಳೆ ಹೊಡೆದಿದ್ದಾನೆ.

ನಾನು ಆ ಕಡೆ ನೋಡದೆ ಡಬ್ಬಿ ಎತ್ತಿ ಒಳಗಿಟ್ಟೆ.

ಮಾರ್ಚ್ 10, ಭಾನುವಾರ, ಮಧ್ಯಾಹ್ನ

ಆರಾಧನೆ ಮುಗಿದ ಮೇಲೆ ಪಾಸ್ಟರ್ ಸಂಜೀವಯ್ಯನವರನ್ನ ಹಿಡಿದೆ. ನೀವೇ ಹೇಳಿ, ನಿಮ್ಮ ಮಾತು ಕೇಳ್ತಾನೆ ಅಂದೆ.

"ಮಾತ್ರೆ ಬುಡು ಅಂತ ನಾನು ಯಾವತ್ತೂ ಹೇಳಿಲ್ಲ ಕಣಮ್ಮ."

"ತಿನ್ನು ಅಂತಾನೂ ಹೇಳ್ಲಿಲ್ವಲ್ಲ ಅಯ್ಯಾ."

"ಅವನ ವಿಶ್ವಾಸ ದೊಡ್ಡದು. ನಡುವೆ ಕೈಹಾಕಾಕೆ ನಾನ್ಯಾರು?"

ಅಷ್ಟು ಹೇಳಿ ಊಟಕ್ಕೆ ಕೂತರು. ಯಾರೂ ನೋಡ್ತಿಲ್ಲ ಅಂದುಕೊಂಡು ಜೇಬಿನಿಂದ ಶುಗರ್ ಮಾತ್ರೆ ತೆಗೆದು ಬಾಯಿಗೆ ಹಾಕಿಕೊಂಡರು. ನಾನು ನೋಡುತ್ತಲೇ ನಿಂತಿದ್ದೆ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ. ಕೆಟ್ಟ ಮನುಷ್ಯ ಅಲ್ಲ, ಮುತ್ತು ಹಾಸಿಗೆ ಹಿಡಿದಾಗ ವಾರಕ್ಕೆರಡು ಸಲ ಗಂಜಿ ತಂದುಕೊಟ್ಟವರು. ಅದಕ್ಕೇ ಇನ್ನೂ ಸಿಟ್ಟು. ಅವನ ಸಾಕ್ಷಿ ಕೇಳೋಕೆ ಜನ ಬರ್ತಿದ್ದಾರೆ, ಶೀಟಿನ ಪ್ರಾರ್ಥನಾಲಯ ತುಂಬುತ್ತಿದೆ. ಯಾರಿಗೆ ಬೇಕು ಅದನ್ನ ಕೆಡಿಸೋದು?

ಮಾರ್ಚ್ 21, ಗುರುವಾರ, ಬೆಳಿಗ್ಗೆ

ಹನ್ನೊಂದು ದಿನ ಬರೆಯಲಿಲ್ಲ. ಬರೆಯೋಕೆ ಇದ್ದದ್ದು ಒಂದೇ, ಜಗಳ. ಗೋಳಾಡಿದೆ, ಬೈದೆ, ಮಾತ್ರೆ ಪುಡಿ ಮಾಡಿ ಮುದ್ದೆಯೊಳಗೆ ಹಾಕಿದೆ. ಕಹಿ ಗೊತ್ತಾಗಿ ತಟ್ಟೆ ತಳ್ಳಿದ.

ಮೂರು ದಿನದಿಂದ ಸಂಜೆ ಜ್ವರ. ಕೆಮ್ಮು. ಇವತ್ತು ಟವೆಲ್ ಮೇಲೆ ರಕ್ತ. ಸಣ್ಣ ಚುಕ್ಕೆ. ಅವನೂ ನೋಡಿದ. ಮಡಿಚಿ ಇಟ್ಟುಕೊಂಡ. "ಸೈತಾನ ಪರೀಕ್ಷೆ ಮಾಡ್ತಾವ್ನೆ" ಅಂದ.

ಮುತ್ತುವಿನ ತಾಯಿ, ನಮ್ಮತ್ತೆ ಚಿಕ್ಕಕ್ಕ, ಪಕ್ಕದ ಮನೆಯಿಂದ ಬಂದರು. ನಾವಿಬ್ಬರೂ ಯೇಸುವನ್ನ ನಂಬಿ ಆರು ವರ್ಷ, ಅವರು ತಮ್ಮ ದೇವರು ಬಿಟ್ಟಿಲ್ಲ. ನನಗೆ ಅವರು ಸೋದರತ್ತೆಯೇ. ಮುತ್ತುವಿಗೆ ಚಿಕ್ಕಂದಿನಿಂದ ಏಕವಚನದಲ್ಲೇ ಬೈದು ಅಭ್ಯಾಸ ನನಗೆ. ಅತ್ತೆ ಅವನನ್ನೇ ದುರುಗುಟ್ಟಿ ನೋಡಿದರು. "ಲೇ, ನಿಮ್ಮ ಯೇಸಪ್ಪ ಗುಳಿಗೆ ನುಂಗಬ್ಯಾಡ ಅಂತ ಅಂದವ್ನಾ? ಗುಳಿಗೆ ಕಂಡುಹಿಡಿದೋನ್ಗೆ ಬುದ್ಧಿ ಕೊಟ್ಟೋನು ಯಾರ್ಲಾ?" ಆರು ವರ್ಷದಲ್ಲಿ ಕೇಳಿದ ಒಳ್ಳೆ ಪ್ರಸಂಗ ಅದೇ.

ಈಗ ಬರೆದುಬಿಡ್ತೀನಿ. ಇಲ್ಲಾದರೂ.

ಆ ಚೀಟಿ ದೇವರು ಕೊಟ್ಟದ್ದಲ್ಲ. ನಾನು ಕೊಟ್ಟದ್ದು.

ಪ್ರತಿ ಹೊಸ ವರ್ಷದ ಆರಾಧನೆಯಲ್ಲಿ ತಟ್ಟೆ ತುಂಬ ಚೀಟಿ. ಒಂದೊಂದರಲ್ಲಿ ಒಂದೊಂದು ವಚನ. ಕಣ್ಣು ಮುಚ್ಚಿ ಎತ್ತಬೇಕು. ಬಂದದ್ದು ಆ ವರ್ಷಕ್ಕೆ ದೇವರು ನಿನಗೆ ಕೊಟ್ಟ ಮಾತು. ಬರೆಯೋದು ನಾನು, ಅಕ್ಷರ ಚೆನ್ನಾಗಿದೆ ಅಂತ. ಡಿಸೆಂಬರಿನಲ್ಲಿ ಮುತ್ತು ಗೋಡೆಗೆ ಮುಖ ಮಾಡಿ ಮಲಗಿದ್ದ. ಊಟ ಬೇಡ, ಮಾತು ಬೇಡ. ಸಾಯೋನಿಗೆ ಯಾಕೆ ಅನ್ನೋನು. ನನಗೆ ಹೆದರಿಕೆ. ಅವನಿಗೆ ಯಾವುದೋ ಬೈಗುಳದ ವಚನ ಬಂದುಬಿಟ್ಟರೆ? ದೇವರನ್ನ ನಂಬೋಕಾಗಲಿಲ್ಲ. ವಾಸಿಮಾಡೋನು ನಾನೇ ಅನ್ನೋ ವಚನದ ಚೀಟಿ ಹೆಬ್ಬೆರಳ ಕೆಳಗೆ ಹಿಡಿದುಕೊಂಡಿದ್ದೆ. ತಟ್ಟೆ ನಾನೇ ಹಿಡಿದೆ. ಅವನು ಕಣ್ಣು ಮುಚ್ಚಿ ಕೈ ಚಾಚಿದಾಗ ಬೆರಳಿಗೆ ಸಿಗಿಸಿದೆ.

ಓದಿ ಮಗುವಿನ ಹಾಗೆ ಅತ್ತ. ಮನೆಗೆ ಬಂದು ಎರಡು ಮುದ್ದೆ ಉಂಡ. ನಾನು ಹಿಗ್ಗಿದೆ! ಎಷ್ಟು ಜಾಣೆ ನಾನು ಅಂದುಕೊಂಡೆ.

ನಿನ್ನ ಮೇಲೂ ಸಿಟ್ಟಿದೆ ಕರ್ತನೇ. ನೋಡ್ತಾ ಇದ್ದೆಯಲ್ಲ. ಕೈ ಹಿಡಿಯಬಹುದಿತ್ತು.

ಮಾರ್ಚ್ 26, ಮಂಗಳವಾರ, ಬೆಳಿಗ್ಗೆ 10. ಲ್ಯಾಬ್‌ಗೆ ರಜೆ

ಹೇಳಿದೆ. ನಿಂತುಕೊಂಡೇ ಹೇಳಿದೆ, ಎಲ್ಲಾ. ತಟ್ಟೆ, ಹೆಬ್ಬೆರಳು.

ಬೈತಾನೆ, ಹೊಡೀತಾನೆ ಅಂದುಕೊಂಡಿದ್ದೆ. ಹೊಡೆದಿದ್ದರೆ ನಾನೂ ತಿರುಗಿಸಿ ಕೊಡುತ್ತಿದ್ದೆ, ಸಮ ಆಗುತ್ತಿತ್ತು. ಅವನು ಮೊಳೆಯಿಂದ ಚೀಟಿ ಬಿಡಿಸಿದ. ಹಿಂದೆ ಮುಂದೆ ತಿರುಗಿಸಿ ನೋಡಿದ, ಸುಟ್ಟ ಮೋಟಾರ್ ನೋಡೋ ಹಾಗೆ.

"ಅಂಗಾರೆ ನನ್ನ ಕೂಟೆ ಮಾತಾಡಿದ್ದು ದೇವ್ರಲ್ಲ."

"ಅಲ್ಲ. ನಾನು."

"ಮೂರು ತಿಂಗ್ಳಿಂದ ನಾನು ಪ್ರಾರ್ಥನೇಲಿ ಥ್ಯಾಂಕ್ಸ್ ಹೇಳ್ತಿದ್ದಿದ್ದು ನಿನ್ಗೆ."

ಎದ್ದು ಅಂಗಡಿಗೆ ಹೋದ. ಮಾತ್ರೆ ಮುಟ್ಟಲಿಲ್ಲ. ಮಾತ್ರೆಗೋಸ್ಕರ ಹೇಳಿದೆ, ಮಾತ್ರೆಯೂ ಇಲ್ಲ, ವಿಶ್ವಾಸವೂ ಇಲ್ಲ. ಎರಡನ್ನೂ ನಾನೇ ಕಿತ್ತುಕೊಂಡೆ.

ಮಾರ್ಚ್ 29, ಶುಭ ಶುಕ್ರವಾರ, ಸಂಜೆ 4.30

ಮೂರು ದಿನ ಒಂದು ಮಾತಿಲ್ಲ. ಆರಾಧನೆಗೆ ಬರಲ್ಲ ಅಂದುಕೊಂಡಿದ್ದೆ, ಆದರೆ ಬಿಳಿ ಶರಟು ಹಾಕಿಕೊಂಡು ಮುಂದೆ ಮುಂದೆ ನಡೆದ.

ಈ ದಿನ ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತಿಗೆ ಏಳು ಜನ ಎದ್ದು ಪ್ರಸಂಗ ಮಾಡಬೇಕು. ಅವನಿಗೆ ತಿಂಗಳ ಹಿಂದೆಯೇ ಕೊಟ್ಟಿದ್ದು ನಾಲ್ಕನೇ ಮಾತು. ಯಾಕೆ ನನ್ನ ಕೈಬಿಟ್ಟೆ ಅಂತ ಯೇಸು ಕೂಗಿದ್ದು. ಎದ್ದ. ಕೆಮ್ಮು ನಿಲ್ಲೋವರೆಗೆ ಟವೆಲ್ ಅಡ್ಡ ಹಿಡಿದು ನಿಂತಿದ್ದ.

"ನಾನು ಈ ಮಾತಿನ ಮೇಲೆ ಪ್ರಸಂಗ ಮಾಡಾಕಿಲ್ಲ. ಯೇಸು ಸುಳ್ಳು ಹೇಳ್ಲಿಲ್ಲ, ನೋವಾಯ್ತು, ಕೂಗ್ದ. ನಾನು ಸುಳ್ಳು ಹೇಳ್ದೆ. ನಂಗೆ ವಾಸಿಯಾಗಿಲ್ಲ. ರಕ್ತ ಬತ್ತಾ ಅದೆ. ನನ್ನ ಮಾತು ಕೇಳಿ ಯಾರಾದ್ರೂ ಮಾತ್ರೆ ಬುಟ್ಟಿದ್ರೆ ಇವತ್ತೇ ತಿನ್ನಿ. ನಂಗೂ ಯಾರೂ ಹೇಳಿಲ್ಲ ಬುಡು ಅಂತ. ನಾನೇ ಬುಟ್ಟೆ."

ಕೂತ. ಶೀಟಿನ ಕೆಳಗೆ ಅಷ್ಟು ಸೆಕೆಯಲ್ಲೂ ಒಬ್ಬರೂ ಬೀಸಣಿಗೆ ಅಲ್ಲಾಡಿಸಲಿಲ್ಲ. ಪಾಸ್ಟರ್ ಎದ್ದರು. ಐದನೇ ಮಾತಿಗೆ ಹೋಗ್ತಾರೆ ಅಂದುಕೊಂಡೆ. ಹೋಗಲಿಲ್ಲ. ಜೇಬಿನಿಂದ ತಮ್ಮ ಶುಗರ್ ಮಾತ್ರೆ ತೆಗೆದು ಮೇಜಿನ ಮೇಲೆ ಇಟ್ಟರು, ಎಲ್ಲರಿಗೂ ಕಾಣೋ ಹಾಗೆ. "ನಾನು ಇದನ್ನ ಬಚ್ಚಿಟ್ಟು ತಿಂತಿದ್ದೆ" ಅಂದರು. ಅಷ್ಟೇ.

ನನ್ನ ಹೆಸರು ಎತ್ತಲಿಲ್ಲ ಮುತ್ತು. ಎತ್ತಬಹುದಿತ್ತು. ನಾನೇ ಎದ್ದು ಹೇಳಬಹುದಿತ್ತು, ಹಾಡಿನ ಪುಸ್ತಕ ತಿರುವುತ್ತ ಕೂತೆ. ಹೇಡಿ ನಾನು.

ಏಪ್ರಿಲ್ 1, ಸೋಮವಾರ, ರಾತ್ರಿ ಊಟಕ್ಕೆ ಮುಂಚೆ

ಮಧುಗಿರಿ ಆಸ್ಪತ್ರೆಗೆ ಹೋಗಿ ಬಂದೆವು. ಬಸ್ಸಿನಲ್ಲಿ ಅವನು ಗಂಡಸರ ಕಡೆ ಸೀಟು ಹಿಡಿದ. ಡಾಕ್ಟರು ಬೈದರು, ನನ್ನನ್ನೇ ಹೆಚ್ಚು: "ಲ್ಯಾಬಲ್ಲಿ ಕೆಲಸ ಮಾಡ್ತೀರಿ, ನಾಚಿಕೆ ಆಗಲ್ವಾ?" ಆಗುತ್ತೆ ಸಾರ್ ಅಂದೆ. ಕಫ ಮಶಿನ್ ಪರೀಕ್ಷೆಗೆ ಹೋಗಿದೆ. ಹಳೇ ಮಾತ್ರೆಗೆ ಕಾಯಿಲೆ ಬಗ್ಗುತ್ತೋ ಇಲ್ಲವೋ ಅದರಲ್ಲಿ ಗೊತ್ತಾಗುತ್ತೆ. ಬಗ್ಗದಿದ್ದರೆ ಬೇರೆ ಮಾತ್ರೆ, ಉದ್ದದ ದಾರಿ. ಎಷ್ಟೋ ಜನ ಆ ದಾರಿ ಮುಗಿಸಿಲ್ಲ. ನಾನು ಅವರ ರಿಪೋರ್ಟ್ ಟೈಪ್ ಮಾಡಿದ್ದೀನಿ.

ಪ್ರಾರ್ಥನೆ ಮಾಡೋಕೆ ಕೂತೆ. ಬಾಯಿಗೆ ಬಂದದ್ದು ಬೈಗುಳವೇ. ಅದನ್ನೇ ಹೇಳಿದೆ, ಆಮೆನ್ ಅಂದೆ.

ಏಪ್ರಿಲ್ 5, ಶುಕ್ರವಾರ, ಮಧ್ಯಾಹ್ನ 1. ಲ್ಯಾಬ್

ಮಧುಗಿರಿಯಿಂದ ಫೋನ್. ಹಳೇ ಮಾತ್ರೆಗೇ ಬಗ್ಗುತ್ತೆ!

ಲ್ಯಾಬಿನ ಹಿಂದೆ ಹೋಗಿ ಗೋಡೆ ಹಿಡಿದು ಅತ್ತೆ. ಬಿಡಿಸಿದೆಯಲ್ಲ ಕರ್ತನೇ, ಸ್ತೋತ್ರ. ಆದರೆ ಸಿಟ್ಟು ಇಳಿದಿಲ್ಲ. ರಕ್ತ ಕಾರಿಸಿಯೇ ಬಿಡಿಸಬೇಕಿತ್ತಾ? ನಾನು ತಪ್ಪು ಮಾಡಿದ್ದಕ್ಕೆ ಅವನ ಎದೆ ಯಾಕೆ? ಉತ್ತರ ಬೇಡ. ಕೇಳಿದ್ದೀನಿ, ಕೇಳಿಸಿಕೋ. ನಿನ್ನನ್ನ ಬಿಟ್ಟು ಯಾರ ಹತ್ತಿರ ಇಷ್ಟು ಜೋರಾಗಿ ಜಗಳ ಆಡಲಿ?

ಏಪ್ರಿಲ್ 14, ಭಾನುವಾರ, ಬೆಳಿಗ್ಗೆ 7.05

ಮಾತ್ರೆ ನುಂಗಿದ. ಈಗ ನಾನು ಎದುರಿಗೆ ನಿಂತೇ ನುಂಗಿಸೋದು. ನುಂಗಿ ಬಾಯಿ ಅಗಲಿಸಿ, ನಾಲಿಗೆ ಎತ್ತಿ ತೋರಿಸ್ತಾನೆ, ಜೈಲಿನವನು ವಾರ್ಡನ್‌ಗೆ ತೋರಿಸೋ ಹಾಗೆ. ಮಾತಿಲ್ಲ. ಹತ್ತೊಂಬತ್ತು ದಿನ ಆಯಿತು. ಅತ್ತೆ ಮೂಲಕ ಸುದ್ದಿ ಕಳಿಸ್ತಾನೆ, ಉಪ್ಪು ಕಮ್ಮಿ, ಲುಂಗಿ ಎಲ್ಲಿ. ಜ್ವರ ಇಳಿದಿದೆ. ನಿನ್ನೆ ಒಬ್ಬನೇ ಮೊಣಕಾಲೂರಿದ್ದ, ಬಾಯಿ ಅಲ್ಲಾಡಲಿಲ್ಲ, ಸುಮ್ಮನೆ ಊರಿಕೊಂಡಿದ್ದ. ದೇವರ ಜೊತೆಗೂ ಮಾತು ಬಿಟ್ಟಿದ್ದಾನೋ ಏನೋ. ಮಾಡಿದ್ದು ತಪ್ಪು ಅಂತ ಎಷ್ಟು ಸಲ ಹೇಳಲಿ? ಸಾಕು. ನಾನೂ ಇನ್ನು ಮೇಲೆ...

ಕೂಗಿದ. ಹಿತ್ತಿಲಿಂದ. "ಲತಾ, ಬಿಸ್ನೀರು ತತ್ತಾ" ಅಂತ. ಅತ್ತೆಯನ್ನಲ್ಲ, ನನ್ನನ್ನ.

ಏಳಲ್ಲ. ಹತ್ತೊಂಬತ್ತು ದಿನ ಕಾಯಿಸಿದ್ದಾನೆ, ಇನ್ನೊಂದು ಸಲ ಕೂಗಲಿ. ಕೂಗಲಿ ನೋಡೋಣ. ಇನ್ನೂ ಕೂಗಲಿಲ್ಲ. ಚೊಂಬಿನ ಸದ್ದು ಆಯಿತು, ಅವನೇ ತಣ್ಣೀರು ಸುರಿದುಕೊಂಡುಬಿಟ್ಟರೆ, ಎದೆಗೆ ಶೀತ ಇಳಿದು, ಬಂದೆ ಕಣೋ