ಕೈನಾತಳ ಆರೂವರೆ ಮಿಲಿಮೀಟರ್

ಟಿಲ್‌ಬರ್ಗ್
೨೪ ಅಕ್ಟೋಬರ್ ೨೦೨೧

ಪ್ರಿಯ ಶೇಷಾದ್ರಿ,

ನಿನಗೂ ಊರ್ಮಿಳಾ ಅತ್ತಿಗೆಗೂ ಸಲಾಂ. ಇಬ್ಬರಿಗೂ ಎರಡೂ ಡೋಸ್ ಆಗಿದೆಯೆಂದು ನಂಬಿದ್ದೇನೆ. ಒಂದೂವರೆ ವರ್ಷ ನಾನು ಬಾಯಿ ಮುಚ್ಚಿಕೊಂಡಿದ್ದಕ್ಕೆ ಮಾಸ್ಕ್ ಕಾರಣ ಅಂದರೆ ನೀನು ನಂಬುವವನಲ್ಲ. ಕ್ಷಮಿಸು. ಫೋನಿರುವಾಗ ಕಾಗದ ಯಾಕೆ ಅಂತಲೂ ಕೇಳುತ್ತೀಯ. ಕಾಗದಕ್ಕೊಂದು ಗುಣ ಇದೆ ಮಾರಾಯ, ಬೆರಳು ಒತ್ತಿ ಇನ್ನೊಬ್ಬರಿಗೆ ದಾಟಿಸೋಕೆ ಆಗಲ್ಲ.

ಸುದ್ದಿ ಹೇಳಿಬಿಡುತ್ತೇನೆ. ಎಲ್ಲರ ಮನೆಗೂ ಕೋವಿಡ್ ಬಂದರೆ ನಮ್ಮ ಮನೆಗೆ ಕೋವಿ ಬಂತು. ಜನ್ಮದಲ್ಲಿ ಗುಂಡು ಹಾಕದವನ ಮನೆಯಲ್ಲಿ ಈಗ ಡಬ್ಬಿಗಟ್ಟಲೆ ಗುಂಡು. ಒಡತಿ ನನ್ನ ಮಗಳು ಕೈನಾತ್. ನೀನು ಹೆಗಲ ಮೇಲೆ ಕೂರಿಸಿಕೊಂಡು ಚಿತ್ರದುರ್ಗದ ಕೋಟೆ ಹತ್ತಿಸಿದ್ದ ಕೂಸಿಗೆ ಈಗ ಇಪ್ಪತ್ಮೂರು. ವಿಶ್ವವಿದ್ಯಾಲಯದ ಪಾಠವೆಲ್ಲ ಲ್ಯಾಪ್‌ಟಾಪಿಗೆ ಇಳಿದ ಮೇಲೆ ಹುಡುಗಿ ದೂರ ನೋಡುವುದನ್ನೇ ಮರೆತಿದ್ದಳು. ಶೂಟಿಂಗ್ ಕ್ಲಬ್ ತೆರೆದಿದ್ದ ದಿನ ಮಾತ್ರ ಅವಳ ಮುಖದಲ್ಲಿ ರಕ್ತ ಆಡುತ್ತಿತ್ತು. ಈ ಡಚ್ಚರ ನಾಡಿನಲ್ಲಿ ವರ್ಷದ ಮೇಲೆ ಕ್ಲಬ್ಬಿನ ರೈಫಲ್‌ನಲ್ಲೇ ಕಲಿಯಬೇಕು. ಆಮೇಲೆ ಪೊಲೀಸರು ಮನಸ್ಸು ಮಾಡಿದರೆ ಸ್ವಂತದ್ದು.

ನನ್ನವಳು ಖುರ್ಷಿದಾಳದ್ದು ದಿನಾ ಒಂದೇ ರಾಗ. "ಕೈನಾತ್ ಇಕ್ಬಾಲ್ ಅನ್ನೋ ಹೆಸರಿಗೆ ಯಾರ್ರೀ ರೈಫಲ್ ಕೊಡ್ತಾರೆ? ಇಲ್ಲ ಅಂದುಬಿಟ್ರೆ ಹುಡುಗಿ ಮುರಿದುಹೋಗ್ತಾಳೆ." ನಾನು ತಮಾಷೆ ಮಾಡಿದೆ. ಒಳಗೊಳಗೆ ನನಗೂ ಅದೇ ಭಯ.

ಆದರೂ ರೈಫಲ್ ಆರಿಸುವಾಗ ಯಜಮಾನಿಕೆ ಬಿಡಲಿಲ್ಲ. ನಾನು ಯಾರು? ಎನ್‌ಸಿಸಿ ಕೆಡೆಟ್. ನೀನು ಬಿಟ್ಟ ಗುಂಡುಗಳು ಪಕ್ಕದ ನಾರಾಯಣಸ್ವಾಮಿಯ ಟಾರ್ಗೆಟ್ಟಿಗೆ ಬಿದ್ದು ಅವನಿಗೆ ಪದಕ ಬಂದಿತ್ತಲ್ಲ, ಆ ಪಡೆಯವನು. "ದಪ್ಪ ಗುಂಡಿನ ರೈಫಲ್ ತಗೋ, ದೂರ ಹೋಗುತ್ತೆ" ಅಂದೆ.

"ದಪ್ಪ ಇದ್ರೆ ದೂರ ಹೋಗಲ್ಲ ಅಬ್ಬಾ. ನೀವೇ ನೋಡಿ, ಬಸ್ ಸ್ಟಾಪಿಗೆ ಸುಸ್ತಾಗ್ತೀರಾ" ಅಂದಳು.

ಅವಳು ಆರಿಸಿದ್ದು ಆರೂವರೆ ಮಿಲಿಮೀಟರಿನ ಸಪೂರ, ಉದ್ದ ಗುಂಡಿನದು. ಈ ದೇಶದಲ್ಲಿ ಗಾಳಿಗೆ ಸೈಕಲ್ಲೇ ವಾಲುತ್ತದೆ, ಗುಂಡು ಯಾವ ಲೆಕ್ಕ? ಸಪೂರ ಗುಂಡನ್ನು ಗಾಳಿ ಕಡಿಮೆ ತಳ್ಳುತ್ತದಂತೆ, ಭುಜಕ್ಕೆ ಒದೆಯೂ ಕಡಿಮೆ. ಪ್ರತಿ ಸಲ ಕೈಯಲ್ಲೇ ಬೋಲ್ಟ್ ಎಳೆದು ಮುಂದಿನ ಗುಂಡು ಸೇರಿಸಬೇಕು. "ತಾನೇ ಪಟಪಟ ಹೊಡೆಯೋದು ತಗೋಬಾರದಾ?" ಎಂದೆ. "ಬೋಲ್ಟ್ ಎಳೆಯೋ ಹೊತ್ತಲ್ಲಿ ಹಿಂದಿನ ತಪ್ಪು ಯೋಚನೆ ಮಾಡ್ಬೋದು ಅಬ್ಬಾ" ಅಂದಳು. ನನ್ನ ಮಗಳು, ಶೇಷಾದ್ರಿ. ನಾನು ಮದುವೆಯನ್ನೂ ಇಷ್ಟು ಯೋಚಿಸಿ ಮಾಡಿಕೊಂಡವನಲ್ಲ.

ನಳಿಗೆ ದಪ್ಪದ್ದು, ಬಿಸಿಯಾದರೂ ಗುರಿ ಕದಲಬಾರದು ಅಂತ. ಮುಂದಕ್ಕೆ ಎರಡು ಕಾಲಿನ ಊರುಗೋಲು. ಕೆನ್ನೆ ಆನಿಸಲು ಏರಿಸಿ ಇಳಿಸುವ ಕಪ್ಪು ಹಲಗೆ. ಮೇಲಿನ ಸ್ಕೋಪ್ ರೈಫಲ್‌ಗಿಂತ ದುಬಾರಿ; "ಕಾಣದ್ದನ್ನ ಹೊಡೆಯೋಕಾಗಲ್ಲ" ಎಂಬುದು ಅವಳ ಕೋಚ್ ಯೋರಿಸ್‌ನ ವೇದಾಂತ. ಹಿಂಬದಿಗೆ ಆಸರೆಯಾಗಿ ಒಂದು ಚಿಕ್ಕ ಚೀಲ ಬೇಕಿತ್ತು. ಖುರ್ಷಿದಾ ಹಳೇ ಜೀನ್ಸ್ ಹೊಲಿದು ಸೋನಾ ಮಸೂರಿ ತುಂಬಿಕೊಟ್ಟಳು. ಯೋರಿಸ್ ಅದನ್ನು ಹಿಸುಕಿ ನೋಡಿ, ತನಗೂ ಒಂದು ಬೇಕೆಂದ. ಬಾಸ್ಮತಿ ಮಾತ್ರ ಕೊಡಲ್ಲವಂತೆ ಇವಳು.

ಆಗಸ್ಟಿನಲ್ಲಿ ಪೊಲೀಸರು ಮನೆಗೆ ಬಂದು, ರೈಫಲ್ ಇಡಲೆಂದು ಗೋಡೆಗೆ ಬಿಗಿದ ತಿಜೋರಿ ಎಳೆದು ನೋಡಿದರು. "ಇದರ ಕೀಲಿ ಎಲ್ಲಿಡುತ್ತೀರಿ?" ಅಂತ ಖುರ್ಷಿದಾಳನ್ನು ಕೇಳಿದರು. ಅವಳು ತನ್ನ ಹರಕು ಡಚ್ಚಿನಲ್ಲೇ, "ಕೀಲಿ ಮಗಳದ್ದು. ನನಗೇ ಹೇಳಿಲ್ಲ, ನಿಮಗೆ ಹೇಳ್ತಾಳಾ?" ಅಂದಳು. ಅದೇ ಸರಿಯುತ್ತರವಂತೆ. ಪರವಾನಗಿ ಬಂದ ದಿನ ಕೈನಾತ್ ಅಮ್ಮನನ್ನು ಎತ್ತಿ ಒಂದು ಸುತ್ತು ತಿರುಗಿಸಿದಳು. ನನ್ನನ್ನೂ ಎತ್ತಲು ನೋಡಿ ಕೈಬಿಟ್ಟಳು.

ಹೋದ ಶನಿವಾರ ಜರ್ಮನಿಯ ಗಡಿ ದಾಟಿ ಆರುನೂರು ಮೀಟರಿನ ರೇಂಜಿಗೆ ಹೋದೆವು. ಲಸಿಕೆ ಪತ್ರ ಒಂದು ಕೈಲಿ, ರೈಫಲ್ ಪತ್ರ ಇನ್ನೊಂದು ಕೈಲಿ. ಅಷ್ಟು ದೂರದ ಟಾರ್ಗೆಟ್ಟು ನನ್ನ ಕಣ್ಣಿಗೆ ಅಂಚೆಚೀಟಿ. ಕ್ಲಬ್ಬಿನ ತಂಡಕ್ಕೆ ಸೇರಬೇಕಾದರೆ ಐದು ಗುಂಡೂ ಒಳವೃತ್ತದಲ್ಲಿ ಬೀಳಬೇಕು. ಮೂರು ಬಿದ್ದವು. ಕೈನಾತ್ ಬೋಲ್ಟ್ ಎಳೆದು ತಲೆಯೆತ್ತಿದಳು. ಯೋರಿಸ್ ಓಡಿಬಂದು, "ಸ್ಟಾಪ್, ಯೂ ಆರ್ ಹರ್ಟ್" ಅಂದ. ಕಣ್ಣಿನ ಕೆಳಗೆ ಕೆನ್ನೆಯೆಲ್ಲ ಕಪ್ಪು. ರೈಫಲ್ ಒದ್ದು ಕೆನ್ನೆ ಕಂದಿದೆಯೆಂದು ಅವನು ಐಸ್ ತರಿಸಿದ. ಇವತ್ತಿಗೆ ಸಾಕು, ಎದ್ದೇಳು ಅಂದ.

ಕೈನಾತ್ ಕೆನ್ನೆ ಉಜ್ಜಿ ಬೆರಳು ಮೂಸಿದಳು. ತಿರುಗಿ ನೋಡಿದಳು. "ಅಮ್ಮೀ, ಕ್ಯಾ ಕರೇ ತುಮೆ? ಏನ್ ಮಾಡಿದ್ರಿ?"

ಖುರ್ಷಿದಾ ಜಮಖಾನದ ಅಂಚು ಸರಿಮಾಡುತ್ತ ಕೂತಿದ್ದಳು. "ಹೊಸ ಸಾಮಾನು, ಇಷ್ಟು ಜನ ನೋಡ್ತಾರೆ. ನಜರ್ ಆಗಬಾರದು ಅಂತ ಒಂದು ಚುಕ್ಕೆ ಕಾಡಿಗೆ ಇಟ್ಟೆ. ಕಪ್ಪು ಹಲಗೆ ಮೇಲೆ ಕಪ್ಪು ಯಾರಿಗೆ ಕಾಣುತ್ತೆ? ಗಾಜಿಗೆ ಹಚ್ಚಬಾರದು ಅನ್ನೋಷ್ಟು ಬುದ್ಧಿ ನಂಗಿದೆ."

ಯೋರಿಸ್‌ಗೆ ನಜರ್ ಅಂದರೆ ಕೆಟ್ಟ ದೃಷ್ಟಿ ಎಂದು ನಾನು ವಿವರಿಸುವಷ್ಟರಲ್ಲಿ ಹುಡುಗಿ ಮತ್ತೆ ರೈಫಲ್ ಹಿಂದೆ ಬೋರಲು ಮಲಗಿದ್ದಳು. ನಗು ಆರುವವರೆಗೆ ಕಾದಳು, ಗಾಳಿ ನಿಲ್ಲುವವರೆಗೆ ಕಾದಳು. ನಾಲ್ಕು. ಐದು. ಐದೂ ಒಂದು ಬೆಣ್ಣೆ ದೋಸೆಯಗಲದಲ್ಲಿ. ಯೋರಿಸ್ ಟೋಪಿ ತೆಗೆದ. ತಂಡದಲ್ಲಿ ಅವಳೊಬ್ಬಳೇ ಹುಡುಗಿ. ಆ ಕೆನ್ನೆಯ ಕಪ್ಪನ್ನು ಮನೆಗೆ ಬರುವವರೆಗೂ ಒರೆಸಿಕೊಳ್ಳಲಿಲ್ಲ. ಕಾರಿನಲ್ಲಿ ನಾನು ಮೂರು ಸಲ ಕನ್ನಡಿಯಲ್ಲಿ ಹಿಂದಿನ ಸೀಟು ನೋಡಿ, "ರಸ್ತೆ ನೋಡ್ರೀ" ಅಂತ ಬೈಸಿಕೊಂಡೆ.

ನಿನ್ನ ಮಕ್ಕಳಿಗೆ ನನ್ನ ದುವಾ. ಅವರ ಗುರಿಯೂ ಸೇರುವಲ್ಲಿಗೆ ಸೇರಲಿ, ಅಪ್ಪನ ಹಾಗೆ ಪಕ್ಕದವನಿಗೆ ಪದಕ ಕೊಡದಿರಲಿ. ಆರೋಗ್ಯ ನೋಡಿಕೋ.

ನಿನ್ನ
ಇಕ್ಬಾಲ್

ಮತ್ತೊಂದು ಮಾತು: ಪರವಾನಗಿಗೆ ಮೊದಲು, ನಮ್ಮ ಮನೆಯನ್ನು ಬಲ್ಲವರ ಹೆಸರು ಕೊಡಬೇಕಿತ್ತು. ಪಕ್ಕದ ಮನೆಯ ತ್ರುಸ್ ಅಜ್ಜಿಗೂ ನಮಗೂ ಏಣಿ ಎರವಲು ಕೊಟ್ಟು ತೆಗೆದುಕೊಂಡಷ್ಟೇ ಪರಿಚಯ. ಅವಳು ಪೊಲೀಸರಿಗೆ, "ಆ ಮನೆಯವರ ಕೈಲಿ ಬೀಗದ ಕೈ ಕೊಟ್ಟು ನಾನು ಊರಿಗೆ ಹೋಗುತ್ತೇನೆ, ಬರೆದುಕೊಳ್ಳಿ" ಅಂದಳಂತೆ. ಹೋದ ವರ್ಷ ಏಪ್ರಿಲ್‌ನಲ್ಲಿ ನಮ್ಮ ಕಾಲೇಜು ಗ್ರೂಪಿಗೆ ಯಾರೋ, ಈ ಸಾಬರೇ ಬೇಕಂತ ರೋಗ ಹಂಚುತ್ತಿದ್ದಾರೆ ಅಂತ ಹಾಕಿದ್ದರು. ಅದರ ಕೆಳಗೆ ನೀನು ಹೆಬ್ಬೆರಳು ಎತ್ತಿದ್ದೆ. ನೋಡದೆ ಒತ್ತಿರಬಹುದು ಅಂತ ಎರಡು ದಿನ ಕಾದು, ಆಮೇಲೆ ಗ್ರೂಪ್ ಬಿಟ್ಟೆ. ಕೈನಾತಳಿಗೆ ಇದು ಗೊತ್ತಿಲ್ಲ. ಇನ್ನೊಂದು ಹೆಸರು ಬೇಕಾದಾಗ, "ಶೇಷಾದ್ರಿ ಅಂಕಲ್‌ದು ಕೊಡೋಣ ಅಬ್ಬಾ, ಅವರಿಗಿಂತ ನಿಮ್ಮನ್ನ ಬಲ್ಲವರು ಯಾರು?" ಅಂದಳು. ಚಿತ್ರದುರ್ಗ ತುಂಬಾ ದೂರ ಮಗಳೇ, ಅಂದೆ. ನಂಬಿದಳು.