ಒಂದೂವರೆ ಗಂಟೆ ಬೇಯುವ ಅಕ್ಕಿ

ಜೆಬೆಲ್ ಅಲಿ, ದುಬೈ
12 ಅಕ್ಟೋಬರ್ 2025

ನನ್ನ ಅಕ್ಕನ ಮುದ್ದಿನ ಮಗಳು ಸಮೀಕ್ಷಾಳಿಗೆ ಮಾವ ಚನಿಯನ ಆಶೀರ್ವಾದಗಳು.

ನಾನು ಇಲ್ಲಿ ಕ್ಷೇಮ. ಬರೀ ಕ್ಷೇಮವಲ್ಲ, ದುಬೈ, ಅಬುಧಾಬಿ ಎರಡರಲ್ಲೂ ಕರೆಂಟಿನ ವಿಷಯಕ್ಕೆ ನನ್ನನ್ನು ಬಿಟ್ಟರೆ ಇನ್ನೊಬ್ಬನಿಲ್ಲ. ದೊಡ್ಡ ದೊಡ್ಡ ಇಂಜಿನಿಯರುಗಳು ಒಂದು ಬಲ್ಬು ಉರಿಸಬೇಕಾದರೂ ನನ್ನ ಲಾರಿಯ ಬಾಗಿಲು ತಟ್ಟಿ ಕೇಳಿ ಹೋಗುತ್ತಾರೆ. ನಾನು ಓದಿದ್ದು ಊರಿನ ಶಾಲೆಯಲ್ಲಿ ಏಳನೆಯವರೆಗೆ ಎಂದು ಅವರಿಗೆ ಹೇಳಿಲ್ಲ. ನೀನೂ ಹೇಳಬೇಡ, ಪಾಪ, ಬೇಸರ ಮಾಡಿಕೊಂಡಾರು.

ನಿನ್ನ ಮೆಸೇಜು ಬಂದು ಒಂದು ತಿಂಗಳಾಯಿತು. ಅತ್ತೆಯ ಕಪಾಟಿನಲ್ಲಿ ಪಾಸ್‌ಪೋರ್ಟು ಸಿಕ್ಕಿತು, ಅದರೊಳಗೆ ಬೇರೆ ಬೇರೆ ದಿನ ತೆಗೆಸಿದ ಮೂರು ಫೋಟೋ ಇದ್ದವು ಎಂದು ಬರೆದು, "ವೀಸಾ ಯಾಕೆ ರಿಜೆಕ್ಟ್ ಆದದ್ದು ಮಾವ?" ಎಂದು ಕೇಳಿದ್ದೆ. ತಡವಾದದ್ದಕ್ಕೆ ಕ್ಷಮಿಸು ಮಗಾ. ಫೋನಿನಲ್ಲಿ ಹೇಳಲು ನಾಲ್ಕು ಸಲ ಶುರು ಮಾಡಿದೆ, ನಾಲ್ಕು ಸಲವೂ ಬೇರೆ ಮಾತಾಡಿ ಇಟ್ಟುಬಿಟ್ಟೆ. ನಮ್ಮ ಕಂಪೆನಿಯಲ್ಲೇ ಲಾರಿ ಓಡಿಸುವ ಬೆಳ್ತಂಗಡಿಯ ಹಂಝ ಶುಕ್ರವಾರ ಊರಿಗೆ ಬರುತ್ತಾನೆ. ಈ ಕಾಗದ ಅವನ ಕೈಯಲ್ಲಿ ಕೊಡುತ್ತಿದ್ದೇನೆ.

ಮೊದಲು ನನ್ನ ಲಾರಿಯ ಅಡುಗೆಮನೆಯ ಕಥೆ ಕೇಳು. ನಿನ್ನ ಅತ್ತೆ ಪ್ರಫುಲ್ಲಾ ದಿನಾ ಸಂಜೆ ಫೋನಿನಲ್ಲಿ ಕೇಳುತ್ತಿದ್ದದ್ದು ಒಂದೇ, "ಎಂತ ಊಟ ಮಾಡಿದ್ರಿ?" ನಾನು "ಖುಬೂಸ್" ಎನ್ನುವುದು. "ದಿನಾ ಆ ರೊಟ್ಟಿಯಾ? ಹತ್ತೊಂಬತ್ತು ವರ್ಷ ದುಡಿದು ಒಂದು ಗಂಜಿಗೆ ಗತಿ ಇಲ್ವಾ ನಿಮಗೆ?" ಹೋದ ವರ್ಷ ಅವಳನ್ನು ವಿಸಿಟ್ ವೀಸಾದಲ್ಲಿ ಕರೆಸುವುದೆಂದು ತೀರ್ಮಾನವಾದ ಮೇಲೆ ನಾನು ಕೊಚ್ಚಿಕೊಂಡೆ, "ನೀನೊಮ್ಮೆ ಬಾ. ಲಾರಿಯಲ್ಲೇ ಗಂಜಿ ಬೇಯಿಸಿ ಬಡಿಸ್ತೇನೆ. ನೀನು ಕಾಲು ಚಾಚಿ ಕೂತರಾಯ್ತು." ಅವಳು ನಕ್ಕ ರಭಸಕ್ಕೆ ಫೋನು ಕೆಳಗೆ ಬಿತ್ತು. ರಜೆಗೆ ಬಂದಿದ್ದ ಹಂಝನ ಕೈಯಲ್ಲಿ ಐದು ಕಿಲೋ ಕುಚ್ಚಲಕ್ಕಿ ಕಳಿಸಿದಳು.

ನಾನು ದೇರಾ ಪೇಟೆಗೆ ಹೋಗಿ ಒಂದು ಇನ್ವರ್ಟರು ತಂದೆ. ಲಾರಿಯ ಬ್ಯಾಟರಿಯಿಂದ ಮನೆಯ ಕರೆಂಟು ಮಾಡಿಕೊಡುವ ಪೆಟ್ಟಿಗೆ ಅದು. ಜೊತೆಗೆ ರೈಸ್ ಕುಕ್ಕರ್, ಸಾರಿಗೊಂದು ಕರೆಂಟಿನ ಒಲೆ. ಅಂಗಡಿಯ ಜಂಶೀರ್, "ಇಂಜಿನ್ ಬಂದ್ ಇದ್ದರೂ ಧೈರ್ಯದಲ್ಲಿ ಇಡಿ ಅಣ್ಣಾ, ಅನ್ನ ಅಂದರೆ ಇಪ್ಪತ್ತು ನಿಮಿಷ" ಎಂದ. ಅವನ ಲೆಕ್ಕ ಬಿಳಿ ಬೆಳ್ತಿಗೆ ಅಕ್ಕಿಯದ್ದು. ನಮ್ಮ ಕುಚ್ಚಲಕ್ಕಿಗೆ ಒಂದೂವರೆ ಗಂಟೆ ಬೇಕು. ಅವನು ಕೇಳಲಿಲ್ಲ, ಇಂಜಿನಿಯರುಗಳ ಗುರುವಾದ ನಾನು ಹೇಳಲಿಲ್ಲ.

ಅಲ್ ಐನ್‌ನ ಗೋದಾಮಿನ ಎದುರು ಲಾರಿಗಳ ಸಾಲು. ಇಂಜಿನ್ ಬಂದ್ ಮಾಡಿ ಒಂದು ಕಡೆ ಗಂಜಿ, ಇನ್ನೊಂದು ಕಡೆ ಬಂಗುಡೆ ಸಾರು ಇಟ್ಟೆ. ಹಂಝ ಬಂದು ಇಣುಕಿದ.

"ಎಂತ ಚನಿಯಣ್ಣ, ಲಾರಿಯಾ ಹೋಟೆಲಾ ಇದು? ಬೋರ್ಡು ಒಂದು ಬಾಕಿ."

"ಬೋರ್ಡು ನಿನ್ನ ಅತ್ತಿಗೆ ಬಂದು ಹಾಕ್ತಾಳೆ" ಎಂದೆ.

ಒಂದು ಗಂಟೆ ಕಳೆಯುವಾಗ ಇನ್ವರ್ಟರು ಕೀಂ ಕೀಂ ಎನ್ನತೊಡಗಿತು.

"ಅದೆಂತ ಬೊಬ್ಬೆ?"

"ಗಂಜಿ ಬೆಂದ ಖುಷಿ ಮಾರಾಯ!"

ಅದು ಬ್ಯಾಟರಿ ಮುಗಿಯಿತು ಎಂಬ ಬೊಬ್ಬೆ. ಸಾಲು ಮುಂದೆ ಹೋಯಿತು, ನನ್ನ ಲಾರಿ ಅಲುಗಲಿಲ್ಲ. ಹಿಂದಿನಿಂದ ಹಾರ್ನು, "ಯಲ್ಲಾ, ಯಲ್ಲಾ!" ಹಂಝ "ಮೆಕ್ಯಾನಿಕ್ ಬರಲಿ ಮಾರಾಯ್ರೆ, ನೀವು ಮುಟ್ಟಬೇಡಿ" ಎಂದು ಕೈ ಹಿಡಿದ. ನಾನು ಕೇಳಬೇಕಲ್ಲ! ಅವನ ಲಾರಿಯ ಬ್ಯಾಟರಿಯಿಂದ ನನ್ನದಕ್ಕೆ ವಯರು ಎಳೆದು ನಾನೇ ಕೊಟ್ಟೆ. ಅವಸರದಲ್ಲಿ ಕೆಂಪು, ಕಪ್ಪು ಅದಲುಬದಲಾಯಿತು. ಟಪ್ ಎಂದಿತು, ಇಂಜಿನ್ ನಡೆಸುವ ಲಾರಿಯ ಕಂಪ್ಯೂಟರು ಸುಟ್ಟುಹೋಯಿತು. ಕಂಪೆನಿಯ ಮ್ಯಾನೇಜರು ಬಂದು ನೋಡಿ, "ಖಲಾಸ್. ರಿಪೇರಿ ಹಣ ನೀನೇ ಕಟ್ಟು" ಎಂದರು. ಏನೋ ಸ್ವಲ್ಪ ಚಿಲ್ಲರೆ ಹೋಯಿತು ಎಂದು ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದೆ.

ಗಂಜಿ ಅರ್ಧ ಬೆಂದಿತ್ತು. ಹಂಝನೂ ನಾನೂ ಅದನ್ನೇ ಅಗಿದು ತಿಂದೆವು. ಉಳಿದ ಅಕ್ಕಿ ಈಗಲೂ ಸೀಟಿನ ಹಿಂದೆ ಇದೆ. ಹುಳ ಬಿದ್ದಿದೆ, ಬಿಸಾಡಲು ಕೈ ಬರುವುದಿಲ್ಲ.

ಜುಲೈಯಲ್ಲಿ ಆಸ್ಪತ್ರೆಯಲ್ಲಿ ಅವಳ ಕೈ ಹಿಡಿದು ಕೂತವಳು ನೀನು. ನಾನು ಊರು ಮುಟ್ಟಿದ್ದು ಮೂರನೆಯ ದಿನ, ಎಲ್ಲ ಮುಗಿದ ಮೇಲೆ. ಸಂಜೆಯಾದರೆ ಈಗಲೂ ಫೋನು ಕೈಗೆತ್ತಿಕೊಳ್ಳುತ್ತೇನೆ. ಎಂತ ಊಟ ಎಂದು ಕೇಳುವವರಿಲ್ಲ.

ಅಕ್ಕನಿಗೆ ನನ್ನ ನಮಸ್ಕಾರ ಹೇಳು. ನಿನ್ನ ಬಾಳು ತಂಪಾಗಿರಲಿ ಮಗಾ. ನಿನ್ನ ಕೈ ಹಿಡಿಯುವವನು ಸ್ವಲ್ಪ ಕಡಿಮೆ ಮಾತಿನವನಾಗಿರಲಿ.

ನಿನ್ನ ಮಾವ,
ಚನಿಯ

ತಾ.ಕ.: ನೀನು ಕೇಳಿದ್ದಕ್ಕೆ ಮಾತ್ರ ಇನ್ನೂ ಉತ್ತರ ಬರೆದಿಲ್ಲ. ವೀಸಾ ರಿಜೆಕ್ಟ್ ಆದದ್ದಲ್ಲ. ನಾನು ಅರ್ಜಿಯೇ ಹಾಕಲಿಲ್ಲ. ಹಣ ಹೋಯಿತು ಎನ್ನಲು ನಾಚಿಕೆಯಾಗಿ, ಅರ್ಜಿ ವಾಪಸು ಬಂತು ಎಂದು ನಿನ್ನ ಅತ್ತೆಗೆ ಹೇಳಿಬಿಟ್ಟೆ. "ಯಾಕಂತೆ?" ಎಂದಳು. ಬಾಯಿಗೆ ಬಂದದ್ದನ್ನು ಹೇಳಿದೆ, "ಫೋಟೋ ಸರಿ ಇಲ್ಲವಂತೆ." ಅವಳು ಮತ್ತೆರಡು ಸಲ ಕಾರ್ಕಳಕ್ಕೆ ಹೋಗಿ ಫೋಟೋ ತೆಗೆಸಿದ್ದು ನಿನ್ನ ಮೆಸೇಜು ನೋಡಿದ ಮೇಲೆಯೇ ನನಗೆ ಗೊತ್ತಾದದ್ದು. ಮೆಸೇಜಿನ ಜೊತೆ ನೀನು ಕಳಿಸಿದ ಆ ಮೂರು ಫೋಟೋಗಳನ್ನು ದೊಡ್ಡದು ಮಾಡಿ ನೋಡಿದೆ. ಎರಡನೆಯದರಲ್ಲಿ ಕೂದಲು ಬಿಗಿಯಾಗಿ ಬಾಚಿದ್ದಾಳೆ. ಮೂರನೆಯದರಲ್ಲಿ ಮೂಗುತಿಯನ್ನೂ ತೆಗೆದಿದ್ದಾಳೆ. ಮೊದಲನೆಯದೇ ಸರಿ ಇತ್ತು ಮಗಾ. ನಾನು ಚಿಲ್ಲರೆ ಎಂದದ್ದು ಅವಳ ವೀಸಾಕ್ಕೆ, ಟಿಕೆಟಿಗೆ, ಡಿಸ್ಕವರಿ ಗಾರ್ಡನ್ಸ್‌ನಲ್ಲಿ ಒಂದು ತಿಂಗಳ ರೂಮಿಗೆ ಎಂದು ಕೂಡಿಟ್ಟದ್ದು. ಐದು ಸಾವಿರದ ಆರುನೂರು ದಿರ್ಹಮ್.